ಸಾಗವಾನಿಯೊಳಗಿನ ಸುಟ್ಟ ಗೆರೆ

ಹೋದ ತಿಂಗಳು ಗೋಕಾಕದ ನಮ್ಮ ಕಟ್ಟಿಗೆ ಅಡ್ಡೆಯಲ್ಲಿ ಹಳೆಯ ಕರಗಸದ ಯಂತ್ರವನ್ನು ಕಿತ್ತು ಹೊಸದನ್ನು ಕೂರಿಸಿದೆವು. ಹಳೆಯದನ್ನು ಎತ್ತಿದಾಗ ಅದರ ಅಡಿಯಲ್ಲಿ, ಎಣ್ಣೆ ಕುಡಿದು ಗಟ್ಟಿಯಾದ ಹೊಟ್ಟಿನೊಳಗೆ, ಒಂದು ಕಾನಸ ಸಿಕ್ಕಿತು. ಕರಗಸದ ಹಲ್ಲು ಮಸೆಯುವ ಅರಕ್ಕೆ ನಮ್ಮ ಕಡೆ ಕಾನಸ ಅನ್ನುತ್ತಾರೆ. ಅದರ ಹಿಡಿಕೆಗೆ ಸೈಕಲ್ ಟ್ಯೂಬು ಬಿಗಿಯಾಗಿ ಸುತ್ತಿತ್ತು. ಹಾಗೆ ಟ್ಯೂಬು ಸುತ್ತಿಕೊಂಡು ಕೆಲಸ ಮಾಡುತ್ತಿದ್ದವನು ನಮ್ಮಲ್ಲಿ ಒಬ್ಬನೇ. ಮೂಗಿನ ಹತ್ತಿರ ತಂದು ನೋಡಿದೆ. ಎಣ್ಣೆ, ಕಬ್ಬಿಣ, ಹಳೆಯ ಬೆವರು… ಕಣ್ಣು ಒರೆಸಿಕೊಂಡದ್ದನ್ನು ಕೆಲಸದವರು ನೋಡಿದರು. ಕಣ್ಣಲ್ಲಿ ಹೊಟ್ಟು ಬಿತ್ತು ಅಂದೆ. ಯಾರೂ ನಂಬಲಿಲ್ಲ.

ಅವನನ್ನು ಎಲ್ಲರೂ ಮಿಸ್ತ್ರಿ ಎಂದೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತೇನೆ. ಹುಕ್ಕೇರಿ ತಾಲೂಕಿನಲ್ಲಿ, ಘೋಡಗೇರಿಯಿಂದ ಇನ್ನೂ ಆಚೆಗೆ, ಗುಡ್ಡದ ಬುಡಕ್ಕೆ ಅಂಟಿಕೊಂಡ ಒಂದು ಸಣ್ಣ ಊರಿನವನು. ಬೆಳಗಾವಿಯ ಜೈಲಿನಿಂದ ಬಿಡುಗಡೆಯಾದವನು ಊರಿಗೆ ಹೋಗದೆ ನೇರ ನಮ್ಮ ಅಡ್ಡೆಗೆ ಬಂದಿದ್ದ. ಕೆಲಸ ಕೇಳುವ ಮೊದಲೇ ಹೇಳಿದ: "ಒಬ್ಬನ ಕೈ ಕಡದ ಬಂದೇನ್ರಿ ಮಾಲಕ್ರ. ಆಮ್ಯಾಲ ಯಾರರ ಬಂದ ಹೇಳೂದಕಿಂತ ನಾನ ಹೇಳಿಬಿಡತೇನಿ."

ನಾವು ಜೈನರು. ಹೊತ್ತು ಮುಳುಗುವುದರೊಳಗೆ ಉಂಡು ಕೈತೊಳೆಯುವವರು, ದೀಪಕ್ಕೆ ಹುಳ ಬಿದ್ದರೂ ಮರುಗುವವರು. "ಇರವಿ ತುಳಿಯದ ಮನಿತನ ನಮ್ಮದು. ಮಂದಿ ಕೈ ಕಡಿಯಾಂವನ್ನ ತಂದ ಇಟಗೊಂಡಿಯಲ್ಲೋ" ಎಂದು ನನ್ನ ತಾಯಿ ನನ್ನ ಜೊತೆ ಮಾತು ಬಿಟ್ಟರು. ಇರುವೆ ತುಳಿಯದ ಮನೆತನ ಮೂರು ತಲೆಮಾರಿನಿಂದ ಮರ ಕೊಯ್ದು ಉಣ್ಣುತ್ತಿದೆ ಎಂಬುದು ಮಾತ್ರ ಅವರಿಗೆ ನೆನಪಾಗುತ್ತಿರಲಿಲ್ಲ. ನಾನು ಅವನನ್ನು ಇಟ್ಟುಕೊಂಡೆ. ಕರಗಸದ ಮುಂದೆ ನಿಲ್ಲುವ ಎದೆ ಎಲ್ಲರಿಗೂ ಇರುವುದಿಲ್ಲ.

ಅವನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಮ್ಮೆ ಲಾರಿ ಡ್ರೈವರನೊಬ್ಬ ತಾಯಿಯ ಮೇಲೆ ಬೈದನೆಂದು ಅವನ ಕತ್ತು ಹಿಡಿದು ಲಾರಿಯ ಬಾಗಿಲಿಗೆ ಅಪ್ಪಳಿಸಿದ. ಎರಡು ಹಲ್ಲು ಹೊಟ್ಟಿನಲ್ಲಿ ಬಿದ್ದವು. ಸಿಟ್ಟು ಇಳಿದ ಮೇಲೆ ಅದೇ ಡ್ರೈವರನನ್ನು ಕೂರಿಸಿಕೊಂಡು ಚಹಾ ತರಿಸಿ, ಆರಿಸಿ ಆರಿಸಿ ಕುಡಿಸಿದ. ಕರಗಸ ಕಚ್ಚಿಕೊಂಡು ನಿಂತರೆ ಕೊಡಲಿ ತೆಗೆದುಕೊಂಡು ದಿಮ್ಮಿಯನ್ನು ಹೊಡೆಯುತ್ತಿದ್ದ, ಅದು ಅವನನ್ನು ಬೈದಿತ್ತೋ ಎಂಬಂತೆ. ನಾನೇನೂ ತಣ್ಣಗಿನ ಮನುಷ್ಯನಲ್ಲ. ವಾರಕ್ಕೊಮ್ಮೆಯಾದರೂ ನಾವಿಬ್ಬರೂ ಅಡ್ಡೆ ಬಿದ್ದುಹೋಗುವ ಹಾಗೆ ಕೂಗಾಡುತ್ತಿದ್ದೆವು. ಅವನು ಬಿಟ್ಟುಹೋಗಲಿಲ್ಲ, ನಾನು ಬಿಡಿಸಲಿಲ್ಲ.

ವರ್ಷಕ್ಕೊಮ್ಮೆ, ಹೋಳಿ ಹುಣ್ಣಿಮೆಯ ಹತ್ತಿರ, ಅವನು ಆ ಕಥೆ ಹೇಳುತ್ತಿದ್ದ. ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಅವರ ಊರಿನಲ್ಲಿ ಬೆಳಗು ಹರಿಯುವ ಹೊತ್ತಿಗೆ ಕಾಮನನ್ನು ಸುಡುತ್ತಾರೆ. ಮನೆಮನೆಯ ಒಲೆ ಆರಿಸಿರುತ್ತಾರೆ. ಒಡೆದ ಗಡಿಗೆಯಲ್ಲಿ ಕಾಮನ ಕೆಂಡ ತಂದು ಒಲೆ ಹೊತ್ತಿಸಿ ಮೊದಲು ಕಡಲೆ ಹುರಿಯುತ್ತಾರೆ. ಆ ಬೆಂಕಿ ಸಿಗದ ಮನೆ ಊರಿನದಲ್ಲ ಎಂದೇ ಲೆಕ್ಕ. ಗುಡ್ಡದ ಆಚೆ ಬದಿಗೆ ತೋಟದಲ್ಲೇ ಮನೆ ಕಟ್ಟಿಕೊಂಡಿದ್ದ ಒಂದು ಕುಟುಂಬವಿತ್ತು. ತೋಟದವರು ಅನ್ನುತ್ತಿದ್ದರು. ಅವರು ಗುಡ್ಡದ ಕಾಲುದಾರಿಯಲ್ಲಿ ಕೆಂಡ ಹೊತ್ತು ಹೋಗಬೇಕು. ಮಿಸ್ತ್ರಿಯ ತಂದೆ ಸಣ್ಣವನಿದ್ದಾಗ ಒಂದು ಹೋಳಿಯಲ್ಲಿ ಇವನ ಮನೆತನಕ್ಕೂ ತೋಟದವರಿಗೂ ಕೆಂಡದ ಮುಂದೆಯೇ ಜಗಳವಾಯಿತು. ತೋಟದ ಹಿರಿಯ "ನಿಮ್ಮ ಮನಿಗಿ ಬೆಂಕಿ ಹತ್ತಲಿ" ಎಂದು ಬೈದು ಕೆಂಡ ಹೊತ್ತು ಹೊರಟ. ಗುಡ್ಡಕ್ಕೆ ಬೆಂಕಿ ಬಿತ್ತು. ಗುಡ್ಡದ ಬುಡದಲ್ಲಿದ್ದ ಇವರ ಗುಡಿಸಲು ಉರಿದುಹೋಯಿತು. ಒಳಗೆ ಮಿಸ್ತ್ರಿಯ ಅಜ್ಜಿ, ಅವನು ಆಯಿ ಅನ್ನುತ್ತಿದ್ದ, ಮತ್ತು ಕಟ್ಟಿಹಾಕಿದ್ದ ಎರಡು ಎಮ್ಮೆ. ಎಮ್ಮೆಗಳ ಒದರಾಟ ಊರಿಗೆಲ್ಲ ಕೇಳಿತ್ತಂತೆ. ಹೆಣ ಹೊರಗೆ ತಂದಾಗ ಆಯಿಯ ಉಡಿಯಲ್ಲಿ, ಮಕ್ಕಳಿಗೆಂದು ಕಟ್ಟಿಕೊಂಡಿದ್ದ ಮಾವಿನ ಹಣ್ಣು ಸುಟ್ಟು ಬರೀ ವಾಟೆ ಉಳಿದಿದ್ದವು… ಇಷ್ಟಕ್ಕೆ ಬಂದಾಗ ಪ್ರತಿ ವರ್ಷವೂ ಅವನು ಎದ್ದು ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದ.

ಅಂದಿನಿಂದ ತೋಟದವರಿಗೆ ಕಾಮನ ಬೆಂಕಿ ಇಲ್ಲ. ಕೇಳಲು ಬಂದರೆ ಬಡಿಗೆ. ತಂದೆ ತೀರಿಕೊಂಡ ಮೇಲೆ ಬಡಿಗೆ ಹಿಡಿಯುವ ಸರದಿ ಇವನದಾಯಿತು. ಒಂದು ವರ್ಷ ತೋಟದವರ ಮಗ, ಇವನದೇ ವಯಸ್ಸಿನವನು, ಬಾರಿಸುವ ಹಲಗೆಯ ಸದ್ದಿನ ನಡುವೆ ಸದ್ದಿಲ್ಲದೆ ಬಂದು ಗಡಿಗೆಗೆ ಕೆಂಡ ತುಂಬಿಕೊಳ್ಳತೊಡಗಿದ. ಮಿಸ್ತ್ರಿಯ ಕೈಯಲ್ಲಿ ಕಟ್ಟಿಗೆ ಸೀಳುವ ಕೊಡಲಿ ಇತ್ತು. ಒಂದೇ ಏಟು. ಬಲಗೈ ಮಣಿಕಟ್ಟಿನಿಂದ ಗಡಿಗೆಯ ಸಮೇತ ಬೂದಿಯಲ್ಲಿ ಬಿತ್ತು. ಹಲಗೆ ಬಾರಿಸುವವರಿಗೆ ಗೊತ್ತೇ ಆಗಲಿಲ್ಲ, ಬಾರಿಸುತ್ತಲೇ ಇದ್ದರಂತೆ. ಇದನ್ನು ಹೇಳುವಾಗ ಅವನ ದನಿಯಲ್ಲಿ ಸ್ವಲ್ಪವೂ ಮರುಕ ಇರುತ್ತಿರಲಿಲ್ಲ. "ಮತ್ತ ಎದರಿಗಿ ಬಂದ್ರ ಇನ್ನೊಂದೂ ತಗೀತೇನಿ" ಅನ್ನುತ್ತಿದ್ದ. ನನಗೆ ಅವನ ಮೇಲೆ ಆಗ ಅಸಹ್ಯವಾಗುತ್ತಿತ್ತು. ಮರುದಿನ ಅದೇ ಮನುಷ್ಯ ನನ್ನ ತಾಯಿಗೆ ಕಾಲುಮಣೆ ಮಾಡಿಕೊಂಡು ಬಂದಾಗ ಆ ಅಸಹ್ಯವನ್ನು ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ.

ಒಂದು ಮಳೆಗಾಲದ ಗಾಳಿಗೆ ಆ ಗುಡ್ಡದ ದೊಡ್ಡ ಸಾಗವಾನಿ ಮರಗಳು ಬುಡಮೇಲಾದವು. ಅರಣ್ಯ ಇಲಾಖೆ ಹರಾಜು ಹಾಕಿತು, ನಾನು ಹಿಡಿದೆ. ದಿಮ್ಮಿಗಳ ಬುಡದಲ್ಲೆಲ್ಲ ಹಳೆಯ ಸುಟ್ಟ ಗಾಯಗಳು. ಅಂಥ ಬುಡವನ್ನು ನಾವು ಕೊಯ್ದು ಎಸೆಯುತ್ತೇವೆ, ಅದರಲ್ಲಿ ಬಾಗಿಲೂ ಆಗುವುದಿಲ್ಲ, ಕಿಟಕಿಯೂ ಆಗುವುದಿಲ್ಲ. ಅದೇ ಬೇಕೆಂದು ಮೂಡಲಗಿಯಿಂದ ಬಸ್ಸಿನಲ್ಲಿ ಒಬ್ಬರು ಬಾಯಾರು ಬಂದರು. ಕಲಿಸುವ ಹೆಂಗಸರಿಗೆ ನಮ್ಮಲ್ಲಿ ಹಾಗನ್ನುವುದು ರೂಢಿ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದರು. ನಮ್ಮ ಗುಡ್ಡಗಳಿಗೆ ಹಿಂದೆ ಯಾವ ಯಾವ ವರ್ಷ ಬೆಂಕಿ ಬಿದ್ದಿತ್ತು ಎಂದು ಮರದ ಉಂಗುರಗಳಿಂದ ಓದಿ ತೆಗೆಯುವುದು ಅವರ ಅಭ್ಯಾಸದ ವಿಷಯ. ಬೆಂಕಿ ಮರದ ಒಂದು ಮಗ್ಗುಲನ್ನು ಸುಡುತ್ತದೆ. ಸತ್ತ ಜಾಗವನ್ನು ಮರ ಎರಡೂ ಬದಿಯಿಂದ ತುಟಿ ಮುಚ್ಚಿದಂತೆ ಮುಚ್ಚುತ್ತಾ ಬರುತ್ತದೆ. ಕಪ್ಪು ಗೆರೆ ಒಳಗೇ ಉಳಿಯುತ್ತದೆ. ಅದು ಯಾವ ಉಂಗುರದಲ್ಲಿದೆಯೋ ಅದೇ ಬೆಂಕಿಯ ವರ್ಷ. ಬರಗಾಲದ ವರ್ಷದ ಉಂಗುರ ಕೂದಲಿನಷ್ಟು ತೆಳ್ಳಗಿರುತ್ತದೆ, ಎಲ್ಲ ಮರದಲ್ಲೂ ಒಂದೇ ಥರ, ಹಾಗಾಗಿ ಎಣಿಕೆ ತಪ್ಪುವುದಿಲ್ಲ. ಇದನ್ನೆಲ್ಲ ಅವರು ನನಗೆ ಹೇಳುತ್ತಿದ್ದಾಗ ಮಿಸ್ತ್ರಿ ಯಂತ್ರ ನಿಲ್ಲಿಸಿ ಬಂದು ನಿಂತ.

"ಬಾಯಾರ, ಈ ಗಿಡಾ ನಮ್ಮ ಗುಡ್ಡದ್ದರಿ. ನಮ್ಮ ಆಯಿ ಸತ್ತ ವರ್ಷದ ಬೆಂಕಿ ಇದರಾಗ ಇರಬೇಕಲ್ರಿ?"

"ಯಾವ ವರ್ಷ ಅಂತ ಗೊತ್ತೈತೇನು?"

"ದೊಡ್ಡ ಬರಗಾಲದ ಹಿಂದಿನ ವರ್ಷರಿ."

ಅವನಿಗೆ ಅದು ಬೇಕಾಗಿತ್ತು. ಮರ ಬಿದ್ದ ವರ್ಷವೇ ಊರ ಹಿರಿಯರು, ಹಳೆಯದನ್ನು ಬಿಟ್ಟು ತೋಟದವರಿಗೆ ಈ ಹೋಳಿಗಾದರೂ ಬೆಂಕಿ ಕೊಟ್ಟುಬಿಡೋಣ ಎಂದು ಮಾತು ತೆಗೆದಿದ್ದರು. ಮಿಸ್ತ್ರಿಯ ಅಣ್ಣನ ಮಕ್ಕಳು ಒಪ್ಪಿರಲಿಲ್ಲ. ಕೈ ಕಡಿದು ಜೈಲಿಗೆ ಹೋಗಿಬಂದ ಕಾಕಾ ಅವರ ಪಾಲಿಗೆ ದೇವರು. ಅಡ್ಡೆಗೆ ಬಂದು ಅವನನ್ನು ಕೆಣಕಿ ಹೋಗುತ್ತಿದ್ದರು. ಈಗ ಇವನು ಅವರಿಗೆ ಮಾತು ಕೊಟ್ಟ. ಆ ಬೆಂಕಿ ಹೋಳಿಯದೇ ಎಂದು ಮರದಿಂದಲೇ ಹೇಳಿಸಿ, ಆ ತುಂಡನ್ನು ಊರ ಮುಂದೆ ತಂದಿಡುತ್ತೇನೆ, ಆಮೇಲೆ ಯಾವ ಹಿರಿಯ ಬಾಯಿ ತೆರೆಯುತ್ತಾನೋ ನೋಡೋಣ ಎಂದ. ಇಡೀ ಜೀವನವನ್ನೇ ಆ ತುಂಡಿನ ಮೇಲೆ ಇಟ್ಟಿದ್ದನೆಂದು ನನಗೆ ಗೊತ್ತಿತ್ತು. ಆ ಬೆಂಕಿ ತೋಟದವರದಾಗಿದ್ದರೆ ಮಾತ್ರ ಅವನ ಕೊಡಲಿಗೆ, ಅವನ ಜೈಲಿಗೆ ಒಂದು ಅರ್ಥ.

ಬುಡದಿಂದ ಗುಂಡನೆಯ ಹಲಗೆ ಕೊಯ್ದು ಕೊಟ್ಟ. ಬಾಯಾರು ಅದನ್ನು ಉಸುಕಿನ ಕಾಗದದಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡಿದರು. ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಅವನನ್ನು ಹತ್ತಿರ ಕರೆದರು.

"ಇದು ಬರಗಾಲದ ಸುತ್ತು. ಇದರ ಒಳಗಿಂದು ನೀವು ಹೇಳಿದ ವರ್ಷ. ಬೆಂಕಿ ಐತಿ, ಆದರ ಹೋಳಿದಲ್ಲ. ಹೋಳಿಗಿ ಸಾಗವಾನಿ ಎಲಿ ಉದರಿಸಿ ಬೋಳಾಗಿ ನಿಂತಿರತೈತಿ, ಬೆಳಿಯೂದಿಲ್ಲ. ಆಗ ಸುಟ್ರ ಗಾಯ ಎರಡು ಸುತ್ತಿನ ನಡುವಿನ ಗೆರಿಮ್ಯಾಲ ಬೀಳತೈತಿ. ಬ್ಯಾರೆ ಗಾಯ ಎಲ್ಲಾ ಹಂಗ ಅದಾವು ನೋಡ್ರಿ. ಇದೊಂದ ಸುತ್ತಿನ ಒಳಗ ಐತಿ. ಮಳಿ ಬಿದ್ದು, ಚಿಗತು, ಗಿಡ ಬೆಳ್ಯಾಕ ಹತ್ತಿದ ಮ್ಯಾಲ ಬಿದ್ದ ಬೆಂಕಿ ಇದು."

"ಹಂಗಾರ ಯಾರ ಹಚ್ಚಿದ್ರು?"

"ಅದನ್ನ ಗಿಡ ಹೇಳೂದಿಲ್ಲ. ಮುಂಗಾರಿಕಿಂತ ಮೊದಲ ಬೀಳೂ ಅಡ್ಡಮಳಿ ಬಂದ ಮ್ಯಾಲೂ ಹುಲ್ಲು ಒಣಗೇ ಇರತೈತಿ. ಸಿಡಲು ಬಿದ್ದಿರಬೇಕು."

ಅವನು ಕೊಡಲಿ ಎತ್ತಿದ್ದು ನನಗೆ ಕಾಣಲಿಲ್ಲ, ಇಳಿದದ್ದು ಮಾತ್ರ ಕೇಳಿಸಿತು. ಹಲಗೆ ನಾಲ್ಕಾರು ಚೂರಾಯಿತು. ಒಂದು ಚೂರು ಸಿಡಿದು ಬಾಯಾರ ಹುಬ್ಬು ಸೀಳಿತು. ರಕ್ತ ಕಣ್ಣಿಗಿಳಿಯಿತು. ಅವನು ಇನ್ನೊಮ್ಮೆ ಎತ್ತುತ್ತಿದ್ದ. ನಾನು ಹಿಂದಿನಿಂದ ಹಾರಿ ಅವನ ಕತ್ತಿಗೆ ಜೋತುಬಿದ್ದೆ. ನನ್ನನ್ನು ದಿಮ್ಮಿಗಳ ಮೇಲೆ ಎಸೆದ. ಪಕ್ಕೆಲುಬು ಮುರಿದ ಸದ್ದು ನನಗೇ ಕೇಳಿಸಿತು. "ಸುಳ್ಳ ಹೇಳತೀ, ಸುಳ್ಳ ಹೇಳತೀ" ಎಂದು ಬಾಯಾರ ಮೇಲೆ ಒದರುತ್ತಿದ್ದ. ಆ ಹೆಣ್ಣುಮಗಳು ಓಡಲಿಲ್ಲ. ಸೆರಗು ಹುಬ್ಬಿಗೆ ಒತ್ತಿಕೊಂಡು, ಅವನಿಗಿಂತ ಜೋರಾಗಿ, "ಸುಳ್ಳಿದ್ರ ಇನ್ನೊಂದು ಕೊಯ್ರಿ! ನಿಮ್ಮ ಕೈಲೆ ಕೊಯ್ರಿ!" ಎಂದು ಒದರಿದರು.

ಕೊಯ್ದ. ಆ ದಿನ ಅವನು ಯಂತ್ರ ನಡೆಸಿದ್ದನ್ನು ನಾನು ಮರೆಯಲಾರೆ. ದಿಮ್ಮಿಯನ್ನು ಕರಗಸಕ್ಕೆ ದೂಡುತ್ತಿದ್ದ ರಭಸಕ್ಕೆ ಹೊಗೆ ಏಳುತ್ತಿತ್ತು, ಹಲ್ಲು ಕಿಡಿ ಕಾರುತ್ತಿತ್ತು. ನಾನು ಬೇಡ ಅನ್ನುವ ಸ್ಥಿತಿಯಲ್ಲಿರಲಿಲ್ಲ, ಪಕ್ಕೆ ಹಿಡಿದುಕೊಂಡು ಬಿದ್ದಿದ್ದೆ. ಬೇರೆ ಮರದ ಬುಡ, ಮತ್ತೊಂದು ಬುಡ. ತಾನೇ ಕೂತು ಉಜ್ಜಿದ, ಬೆರಳ ತುದಿಯ ತೊಗಲು ಕಿತ್ತು ಹಲಗೆಗೆಲ್ಲ ರಕ್ತವಾಗುವ ತನಕ. ಬಾಯಾರು ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಮರುದಿನ ಮತ್ತೆ ಬಂದರು. ಈ ಸಲ ಅವನ ಕೈಗೇ ಭೂತಗನ್ನಡಿ ಕೊಟ್ಟು ಪಕ್ಕಕ್ಕೆ ಸರಿದು ಕೂತರು. ಅವನು ಒಂದು ಹಲಗೆ ನೋಡಿದ, ಇನ್ನೊಂದು ನೋಡಿದ, ಮತ್ತೆ ಮೊದಲಿನದನ್ನು ನೋಡಿದ. ಎಲ್ಲದರಲ್ಲೂ ಆ ವರ್ಷದ ಕಪ್ಪು ಗೆರೆ ಉಂಗುರದ ಒಳಗೇ ಇತ್ತು.

ಆಮೇಲೆ ಅವನು ತೀರ ಮೆಲ್ಲಗೆ, ನಮ್ಮಿಬ್ಬರಿಗಲ್ಲ, ತನಗೇ ಎಂಬಂತೆ ಅಂದ: "ಆಯಿ ಉಡ್ಯಾಗ ಮಾವಿನ ಹಣ್ಣ ಇದ್ದೂವು… ಹೋಳಿ ಹುಣ್ಣಿವಿಗಿ ಎಲ್ಲೀ ಮಾವಿನ ಹಣ್ಣರಿ?"

ಎಷ್ಟು ವರ್ಷ ನಾವೆಲ್ಲ ಆ ಕಥೆ ಕೇಳಿದ್ದೆವು! ಹೋಳಿಯಲ್ಲಿ ಮಾವು ಇನ್ನೂ ಮಿಡಿ. ಅವನ ತಂದೆ ಕಂಡದ್ದನ್ನು ಕಂಡ ಹಾಗೆಯೇ ಹೇಳಿದ್ದ. ಹೋಳಿಯ ಬೈಗುಳ ಒಂದು ಕಡೆ, ಎಷ್ಟೋ ವಾರಗಳ ನಂತರದ ಬೆಂಕಿ ಇನ್ನೊಂದು ಕಡೆ. ಎರಡನ್ನೂ ಒಂದೇ ದಿನಕ್ಕೆ ತಂದು ಕಟ್ಟಿದ್ದು ಸಿಟ್ಟು. ಆ ಸಿಟ್ಟೇ ಮಗನಿಗೆ ಆಸ್ತಿಯಾಗಿ ಬಂದಿತ್ತು. ಮಿಸ್ತ್ರಿ ಯಂತ್ರದ ಪಕ್ಕ ಕೂತು, ತನ್ನ ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು, ಅತ್ತ. ಬಾಯಾರು ಎದ್ದು ಹೋಗಿ ನೀರು ತಂದುಕೊಟ್ಟರು.

ಅಣ್ಣನ ಮಕ್ಕಳು ಬಂದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವರು ನೆಲಕ್ಕೆ ಉಗುಳಿದರು. ತೋಟದವರು ನಿನಗೆ ಏನು ತಿನ್ನಿಸಿದ್ದಾರೆ ಎಂದು ಕೇಳಿದರು. ಹೊಡೆಯುತ್ತಾನೇನೋ ಎಂದುಕೊಂಡೆ. ಹೊಡೆಯಲಿಲ್ಲ, ಅದೇ ನನಗೆ ಹೆಚ್ಚು ಭಯ ತಂದಿತು. ಹೋಳಿಯ ಹಿಂದಿನ ದಿನ ಕೆಲಸ ಮುಗಿಸಿ ಬಂದು, ರಜೆ ಬೇಕು ಅಂದ.

"ನಾಳಿ ತೋಟದವರ ಮನಿಗಿ ಕಾಮನ ಬೆಂಕಿ ನಾನ ಒಯ್ಯಾಂವ. ಒಲಿ ಆರಿಸಿ ಇಡ್ರಿ ಅಂತ ಹೇಳಿ ಬಂದೇನಿ."

"ನಿನ್ನ ಮಂದಿನ ನಿನ್ನ ತಲಿ ಒಡೀತಾರ ಮಾರಾಯ."

"ಒಡೀಲಿ ಬಿಡ್ರಿ. ನಾ ಕಡದ ಕೈ ಮತ್ತ ಹುಟ್ಟೂದಿಲ್ಲಲ್ರಿ."

ಬೈದೆ, ಬೇಡಿಕೊಂಡೆ, ಗೇಟಿಗೆ ಅಡ್ಡ ನಿಂತೆ. ಮಗುವನ್ನು ಸರಿಸುವಂತೆ ನನ್ನನ್ನು ಪಕ್ಕಕ್ಕೆ ಸರಿಸಿ ಹೋದ. ಆ ಪಕ್ಕೆಗೆ ನೋವಾಗದ ಹಾಗೆ ಹಿಡಿದು ಸರಿಸಿದ್ದ…

ಮುಂದಿನದು ನನಗೆ ತಿಳಿದದ್ದು ಕೈ ಕಳೆದುಕೊಂಡ ಆ ತೋಟದವನಿಂದ. ಬೆಳಗ್ಗೆ ಕಾಮನನ್ನು ಸುಟ್ಟ ಮೇಲೆ ಮಿಸ್ತ್ರಿ ಎಲ್ಲರೆದುರಿಗೆ ಗಡಿಗೆಗೆ ಕೆಂಡ ತುಂಬಿಕೊಂಡ. ಊರ ನಡುವೆ ಯಾರೂ ತಡೆಯಲಿಲ್ಲ. ಗುಡ್ಡದ ಕಾಲುದಾರಿಯಲ್ಲಿ ಅಣ್ಣನ ಮಕ್ಕಳು ಬಡಿಗೆ ಹಿಡಿದು ಕಾಯುತ್ತಿದ್ದರು. ತೋಟದವನು ಎದುರುಗೊಳ್ಳಲು ಆಚೆಯಿಂದ ಹತ್ತಿ ಬರುತ್ತಿದ್ದವನು ಮೇಲಿನಿಂದಲೇ ಎಲ್ಲ ನೋಡಿದ. ಜೀವನವಿಡೀ ಮೊದಲ ಏಟು ತಾನೇ ಹಾಕಿದ ಮನುಷ್ಯ ಅವತ್ತು ಕೈ ಎತ್ತಲಿಲ್ಲ. ಎರಡೂ ಕೈಯಲ್ಲಿ ಗಡಿಗೆ ಹಿಡಿದಿದ್ದ, ಅದನ್ನು ಬಿಡಲಿಲ್ಲ. ಮೊಣಕಾಲಿಗೆ ಹೊಡೆದರು, ಕೂತ. ಬೆನ್ನಿಗೆ ಹೊಡೆದರು, ಗಡಿಗೆಯ ಮೇಲೆ ಬಾಗಿದ. ತಲೆಗೆ ಹೊಡೆದಾಗ ಗಡಿಗೆ ಒಡೆಯಿತು. ಕೆಂಡ ಒಣಹುಲ್ಲಿಗೆ ಬಿದ್ದು ಗುಡ್ಡ ಹತ್ತಿಕೊಂಡಿತು. ಹೊಡೆಯುತ್ತಿದ್ದವರು ಬೆಂಕಿಗೆ ಹೆದರಿ ಓಡಿದರು. ತೋಟದವನು ಉರಿಯೊಳಗೆ ನುಗ್ಗಿ, ಒಂದೇ ಕೈಯಿಂದ ಇವನ ಅಂಗಿಯ ಕಾಲರು ಹಿಡಿದು, ಕಲ್ಲುಗಳ ಮೇಲೆ ಎಳೆದುಕೊಂಡು ಬಂದ.

ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಗೋಕಾಕಕ್ಕೆ ತಂದರು. ನಾನು ಹೋದಾಗ ಅವನ ತಲೆ ಆ ಮನುಷ್ಯನ ತೊಡೆಯ ಮೇಲಿತ್ತು. ಮುಖ ಗುರುತು ಹಿಡಿಯುವ ಹಾಗಿರಲಿಲ್ಲ. ಅಂಗೈ ಎರಡೂ ಸುಟ್ಟು ಬಿರಿದಿದ್ದವು. ನನ್ನನ್ನು ನೋಡಿ ಏನೋ ಅನ್ನಲು ಹೋದ, ಆಗಲಿಲ್ಲ. ಸಂಜೆಯೊಳಗೆ ಹೋದ. ನಾನು ಆಸ್ಪತ್ರೆಯ ಗೋಡೆಗೆ ಕೈ ಜಜ್ಜಿಕೊಂಡೆ. ಅಷ್ಟು ಸಿಟ್ಟು ನನಗೆ ಅದಕ್ಕೂ ಮೊದಲು ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಅಣ್ಣನ ಮಕ್ಕಳು ಪೊಲೀಸರಿಗೆ ಹೇಳಿದ್ದು ಬೇರೆ. ಕಾಕಾ ಕುಡಿದು ಗುಡ್ಡಕ್ಕೆ ಬೆಂಕಿ ಹಚ್ಚಲು ಹೊರಟಿದ್ದ, ನಾವು ತಡೆಯಲು ಹೋದೆವು, ಅವನೇ ಉರುಳಿ ಬಿದ್ದ ಎಂದರು. ಗುಡ್ಡ ಸುಟ್ಟದ್ದು ಎಲ್ಲರ ಕಣ್ಣೆದುರಿಗೆ ಇತ್ತು. ನೋಡಿದವನು ಒಬ್ಬನೇ, ತೋಟದವನು. ಅವನು ಕಟಕಟೆಯಲ್ಲಿ ಎಡಗೈ ಎತ್ತಿ ಪ್ರಮಾಣ ಮಾಡಿ ಕಂಡದ್ದನ್ನೆಲ್ಲ ಹೇಳಿದ. ನಿನ್ನ ಬಲಗೈ ಕಡಿದವನು ಆ ಸತ್ತವನೇ ಅಲ್ಲವೇ ಎಂದು ವಕೀಲರು ಕೇಳಿದರು. ಹೌದು ಎಂದ. ಅಂಥವನ ಪರವಾಗಿ ಹೇಳುವ ಸಾಕ್ಷಿಯನ್ನು ಯಾರು ನಂಬುತ್ತಾರೆ? ಅವರೆಲ್ಲ ಬಿಡುಗಡೆಯಾದರು.

ಈಗ ಊರಿನಲ್ಲಿ ನಡೆಯುವ ಕಥೆ ಅದೇ. ಮೊನ್ನೆ ಮಮದಾಪುರದ ಕಡೆ ಹೋಗುವಾಗ ಚಹಾದಂಗಡಿಯಲ್ಲಿ ಆ ಊರಿನ ಒಬ್ಬ, ನಾನು ಯಾರೆಂದು ಗೊತ್ತಿಲ್ಲದೆ, ಜೈಲಿಗೆ ಹೋಗಿಬಂದ ಹುಚ್ಚನೊಬ್ಬ ತಮ್ಮ ಗುಡ್ಡ ಸುಟ್ಟ ಸಂಗತಿಯನ್ನು ನನಗೇ ಹೇಳಿದ. ಕಪ್ಪಿನ ಚಹಾ ಅವನ ಮೋರೆಗೆ ಎರಚಬೇಕು ಅನ್ನಿಸಿತು. ಗುಡ್ಡಕ್ಕೆ ಹೋಗಿ ನೋಡಿದ್ದೇನೆ. ಸಾಗವಾನಿಗಳ ಬುಡದ ಗಾಯ ಅಂಚಿನಿಂದ ಮುಚ್ಚುತ್ತಾ ಬಂದಿದೆ. ಮುಂದೊಂದು ದಿನ ಯಾರಾದರೂ ಕೊಯ್ದು ನೋಡಿದರೆ ಗೆರೆ ಸರಿಯಾಗಿ ಎರಡು ಉಂಗುರಗಳ ನಡುವೆ ಇರುತ್ತದೆ. ಹೋಳಿಯ ಬೆಂಕಿ ಎಂದು ಓದುತ್ತಾರೆ, ಅದು ನಿಜವೇ. ಯಾರು ಒಯ್ಯುತ್ತಿದ್ದ, ಯಾಕೆ ಒಯ್ಯುತ್ತಿದ್ದ ಎಂಬುದು ಅದರಲ್ಲಿ ಇರುವುದಿಲ್ಲ.

ಚಹಾದಂಗಡಿಯಿಂದ ನೇರ ತೋಟಕ್ಕೆ ಹೋದೆ. ತೋಟದವನು ಕಬ್ಬಿಗೆ ನೀರು ಹಾಯಿಸುತ್ತಿದ್ದ, ಎಡಗೈಯಲ್ಲೇ ಸಲಿಕೆ. ಬದುವಿನ ಮೇಲೆ ಕೂತೆವು. ಇಷ್ಟು ವರ್ಷ ಕೇಳಲಾಗದ್ದನ್ನು ಕೇಳಿದೆ: ಅವತ್ತು ನಿಮ್ಮ ಮನೆಯ ಒಲೆ ಏನಾಯಿತು?

"ಹಚ್ಚಿದಿವ್ರಿ" ಎಂದ. "ನಾ ಅವನ್ನ ಟ್ರ್ಯಾಕ್ಟರಿನ್ಯಾಗ ಹಾಕ್ಕೊಂಡ ಹ್ವಾದ ಮ್ಯಾಲ ನಮ್ಮವ್ವ ಗುಡ್ಡಾ ಹತ್ತಿ, ಉರಿಯೂ ಟೊಂಗಿ ಒಂದ ಮುರಕೊಂಡ ಬಂದಳಂತರಿ. ಅವ ತಂದ ಬೆಂಕಿನ ಅಲ್ರಿ ಅದು? ಅದರ ಮ್ಯಾಲ ಕಡಲಿ ಹುರದ, ಒಂದ ಹಿಡಿ ಅವಗಂತ ತಗದ ಇಟ್ಟಿದ್ಲರಿ. ಬಂದಾನು ಅಂತ."

ಅವನು ಎದ್ದು ನೀರಿನ ಮಡೆ ತಿರುವಲು ಹೋದ. ನಾನು ಅಲ್ಲೇ ಕೂತು ಅತ್ತೆ, ಈ ಸಲ ಯಾವ ನೆಪವನ್ನೂ ಹೇಳಲಿಲ್ಲ. ಮಿಸ್ತ್ರಿಯ ಬೆಂಕಿ ಆ ಮನೆ ಮುಟ್ಟಿತ್ತು. ಅವನಿಗೆ ಗೊತ್ತಾಗಲಿಲ್ಲ.